150 ಮೆಗಾವ್ಯಾಟ್ ಗ್ಯಾಸ್ ಸ್ಥಾವರ ಮೈಸೂರಿನ ಬಿಸಿಲಲ್ಲಿ ಎಷ್ಟು ಕೊಟ್ಟೀತು? ಲೆಕ್ಕ ಹಾಕುವ ಬಗೆ

ಕಂಬೈನ್ಡ್ ಸೈಕಲ್ ಸ್ಥಾವರದ (ಗ್ಯಾಸ್ ಟರ್ಬೈನ್, ಸ್ಟೀಮ್ ಟರ್ಬೈನ್ ಎರಡೂ ಜೊತೆಗಿರುವಂಥದ್ದು) ನೇಮ್‌ಪ್ಲೇಟಿನಲ್ಲಿ ಬರೆದ ಮೆಗಾವ್ಯಾಟ್ 15 ಡಿಗ್ರಿ ತಾಪ, ಸಮುದ್ರಮಟ್ಟದ ಒತ್ತಡ, ಶೇ 60 ಆರ್ದ್ರತೆಗೆ ಸಲ್ಲುವ ಅಂಕಿ. ಇಂಥದ್ದು ಮೈಸೂರಿನಲ್ಲಿ ನಿಂತರೆ ಏಪ್ರಿಲ್ ಮಧ್ಯಾಹ್ನದ ಲೆಕ್ಕವೇ ಬೇರೆ.

ಮೊದಲು ಎರಡು ಟರ್ಬೈನುಗಳನ್ನು ಬಿಡಿಸಿಕೊಳ್ಳಿ. ಸಾಮಾನ್ಯವಾಗಿ ಮೂರರಲ್ಲಿ ಎರಡು ಪಾಲು ಗ್ಯಾಸ್ ಟರ್ಬೈನಿನದು. ಉಳಿದದ್ದು ಅದರ ಬಿಸಿ ಹೊಗೆಯಿಂದ ಎಬ್ಬಿಸಿದ ಆವಿಯದು. ಯಲಹಂಕದಲ್ಲಿ ಕರ್ನಾಟಕ ವಿದ್ಯುತ್ ನಿಗಮದ (ಕೆಪಿಸಿಎಲ್) ಸ್ಥಾವರದ 370 ಮೆಗಾವ್ಯಾಟ್ ಕೂಡ ಹೆಚ್ಚುಕಡಿಮೆ ಹೀಗೇ ಹಂಚಿಕೆಯಾಗಿದೆ. ನಮ್ಮ ಲೆಕ್ಕಕ್ಕೆ 100 ಮತ್ತು 50.

ಮೈಸೂರಿನ ಎತ್ತರ ಸುಮಾರು 760 ಮೀಟರ್. ಗಾಳಿಯ ಒತ್ತಡ 1013ರ ಬದಲು 925 ಮಿಲಿಬಾರ್ ಆಸುಪಾಸು. ಗ್ಯಾಸ್ ಟರ್ಬೈನಿಗೆ ಗಾಳಿಯನ್ನು ಒತ್ತಿ ಕೊಡುವ ಕಂಪ್ರೆಸರ್ ಎಳೆಯುವ ಗಾಳಿಯ ತೂಕ ಅಷ್ಟಕ್ಕಷ್ಟು ಇಳಿಯುತ್ತದೆ: 100 × 0.91 = 91. ಈ ನಷ್ಟ ವರ್ಷಪೂರ್ತಿ ಇದ್ದದ್ದೇ. ಮಂಡ್ಯ ತುಸು ತಗ್ಗಿನಲ್ಲಿರುವುದರಿಂದ ಅಲ್ಲಿ ಶೇ 1ರಷ್ಟು ಉಳಿದೀತು.

ಬಿಸಿಯಾದ ಗಾಳಿಯೂ ಹಗುರ, ಹಾಗಾಗಿ ತಾಪ 15ರ ಮೇಲೆ ಏರಿದ ಪ್ರತಿ ಡಿಗ್ರಿಗೆ ಸುಮಾರು ಶೇ 0.7 ಕಳೆಯಿರಿ. 35 ಡಿಗ್ರಿಗೆ 91ರಲ್ಲಿ ಶೇ 14 ಹೋಗಿ 78 ಉಳಿಯುತ್ತದೆ. ಇದೇ ಕಡಿತವನ್ನು ಸ್ಟೀಮ್ ಟರ್ಬೈನಿಗೂ ಹಾಕುವವರಿದ್ದಾರೆ, ಅದು ತಪ್ಪು. ಬಿಸಿಲಲ್ಲಿ ಹೊಗೆಯ ತಾಪ ತುಸು ಏರುವುದರಿಂದ ಆವಿ ಅಷ್ಟು ಕುಸಿಯದು. ಅಲ್ಲಿ 43 ಹಿಡಿಯಬಹುದು. ಒಟ್ಟು 121. ಪಂಪು, ಫ್ಯಾನುಗಳ ಸ್ವಂತ ಬಳಕೆ ಶೇ 3 ತೆಗೆದರೆ 117, ಅಂದರೆ ಗಂಟೆಗೆ 1.17 ಲಕ್ಷ ಯೂನಿಟ್.

ಕಳೆದುಕೊಂಡದ್ದರಲ್ಲಿ ಒಂದಿಷ್ಟು ವಾಪಸ್ ಪಡೆಯಲು ಇವಾಪರೇಟಿವ್ ಕೂಲರ್ ಇದೆ, ಅಂದರೆ ಒಳಬರುವ ಗಾಳಿಯನ್ನು ಒದ್ದೆ ಪ್ಯಾಡಿನ ಮೂಲಕ ಹಾಯಿಸಿ ತಂಪು ಮಾಡುವ ಸಾಧನ. ಒಣ ಮಧ್ಯಾಹ್ನ ವೆಟ್‌ಬಲ್ಬ್ ತಾಪ (ನೀರು ಆವಿಯಾಗಿಸಿ ಗಾಳಿಯನ್ನು ಇಳಿಸಬಹುದಾದ ಕನಿಷ್ಠ ತಾಪ) 21 ಇದ್ದರೆ ಶೇ 85 ದಕ್ಷತೆಯ ಪ್ಯಾಡು ಗಾಳಿಯನ್ನು 23ಕ್ಕೆ ಇಳಿಸುತ್ತದೆ. ಗ್ಯಾಸ್ ಟರ್ಬೈನ್ 86ಕ್ಕೆ ಏರುತ್ತದೆ. ಗಂಟೆಗೆ ಸುಮಾರು 5,000 ಲೀಟರ್ ನೀರು ಆವಿಯಾಗುತ್ತದೆ, ಉಪ್ಪು ಸೇರದಂತೆ ಹೊರಬಿಡುವ ನೀರು (ಬ್ಲೋಡೌನ್) ಬೇರೆ. ಗಡಸು ಬೋರ್‌ವೆಲ್ ನೀರು ಹಾಯಿಸಿದರೆ ಪ್ಯಾಡಿನ ಮೇಲೆ ಸುಣ್ಣ ಕಟ್ಟುತ್ತದೆ. ಹನಿ ಹಾರಿ ಒಳಗೆ ಹೋದರೆ ಕಂಪ್ರೆಸರ್ ಬ್ಲೇಡಿಗೂ ಉಪ್ಪು ಹಿಡಿಯುತ್ತದೆ. ಜುಲೈ ಮೋಡದಲ್ಲಿ ಈ ಕೂಲರಿನಿಂದ ಹೆಚ್ಚೇನೂ ದಕ್ಕದು.

ಮಂಡ್ಯದ ಕಡೆ ಆಲೆಮನೆ ಹೊಗೆ, ಸುಟ್ಟ ಕಬ್ಬಿನ ಸೋಗೆಯ ಮಸಿಯನ್ನು ಮರೆಯಬೇಡಿ. ಫಿಲ್ಟರಿನಲ್ಲಿ ಒತ್ತಡ 10 ಮಿಲಿಬಾರ್ ಬಿದ್ದರೆ ಶೇ 1.5ರಷ್ಟು ಉತ್ಪಾದನೆ ಹೋಯಿತು. ಫಿಲ್ಟರ್ ಬದಲಿಸಿದರೂ ಚೇತರಿಸದಿದ್ದರೆ ಬ್ಲೇಡಿಗೆ ಮಸಿ ಅಂಟಿದೆಯೇ ನೋಡಿ. ಅಂಟಿದ್ದರೆ ಯಂತ್ರ ನಿಲ್ಲಿಸಿ, ತಣ್ಣಗಾದ ಮೇಲೆ ಡಿಟರ್ಜೆಂಟ್, ನಂತರ ಖನಿಜ ತೆಗೆದ (ಡಿಎಂ) ನೀರಿನಿಂದ ತೊಳೆಯಬೇಕು. ಬಿಸಿ ಯಂತ್ರಕ್ಕೆ ನೀರು ಬಿಟ್ಟರೆ ಲೋಹ ಬಿರುಕು ಬಿಟ್ಟೀತು.

ಇನ್ನು ಗ್ಯಾಸು. ದಕ್ಷತೆ ಶೇ 55 ಇದ್ದರೆ ಯೂನಿಟ್‌ಗೆ ಸುಮಾರು 0.19 ಘನ ಮೀಟರ್, 121 ಮೆಗಾವ್ಯಾಟಿಗೆ ಗಂಟೆಗೆ 23,000. ದಕ್ಷತೆಯನ್ನು ತಯಾರಕರು ಹೇಳುವುದು ಕೆಳ ಉಷ್ಣಮೌಲ್ಯದ ಮೇಲೆ (ಹೊಗೆಯಲ್ಲಿನ ನೀರಾವಿಯ ಶಾಖ ಬಿಟ್ಟು), ಬಿಲ್ ಬರುವುದು ಮೇಲು ಉಷ್ಣಮೌಲ್ಯದ ಮೇಲೆ (ಅದನ್ನೂ ಸೇರಿಸಿ). ಶಕ್ತಿಯ ಲೆಕ್ಕದ ಬಿಲ್ಲಿಗೆ ಹಣ ತೆಗೆದಿಡುವಾಗ ಶೇ 11 ಸೇರಿಸಿಕೊಳ್ಳಿ.