ಅಡಿಕೆ ಚಪ್ಪರದಲ್ಲಿ ಕೂತು ಟಿಪ್ಪಣಿ ಬರೆಯುವಾಗ

ತೀರ್ಥಹಳ್ಳಿ ಕಡೆ ಅಡಿಕೆ ಸುಲಿತದ ಕೂಲಿ ಬಗ್ಗೆ ಅಧ್ಯಯನ. ಉಳಿದದ್ದು ತೋಟದವರ ಮನೆಯಲ್ಲಿ, ಊಟವೂ ಅಲ್ಲೇ. ಬರಬರುತ್ತಾ ಟಿಪ್ಪಣಿಯಲ್ಲಿ ಯಜಮಾನರ ದನಿಯೇ ಜಾಸ್ತಿಯಾಯಿತು. 'ಆಳುಗಳು ನಿಧಾನ' ಅನ್ನೋ ಸಾಲು ನನ್ನದೋ ಅವರದೋ, ಗೊತ್ತಾಗುತ್ತಿರಲಿಲ್ಲ.

ಪುಟದ ನಡುವೆ ಗೆರೆ ಎಳೆದೆ. ಎಡಕ್ಕೆ ಕಂಡದ್ದು, ಕೇಳಿದ್ದು ಮಾತ್ರ: ಯಾರು ಎಷ್ಟು ಹೊತ್ತಿಗೆ ಅಡಿಕೆ ಸುಲಿಯೋ ಮೆಟ್ಟುಗತ್ತಿ ಮುಂದೆ ಕೂತರು, ಯಾವಾಗ ಎದ್ದರು, ಏನಂದರು. ಬಲಕ್ಕೆ ನನ್ನ ಸಿಟ್ಟು, ಮುಲಾಜು, ಅನುಮಾನ. ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ ಕೂಡ ನ್ಯೂಗಿನಿ ಹತ್ತಿರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಇಂಥದ್ದಕ್ಕೆ ಬೇರೆ ದಿನಚರಿ ಇಟ್ಟಿದ್ದರು. ಅವರು ತೀರಿಕೊಂಡ ಮೇಲೆ, 1967ರಲ್ಲಿ ಅದು ಅಚ್ಚಾಗಿ ಗಲಾಟೆಯೇ ಆಯಿತು, ಅದು ಬೇರೆ ಮಾತು.

ಆಮೇಲೆ ಹೆಂಗಸರ ಸಾಲಲ್ಲಿ ಕೂತು ನಾನೂ ಸುಲಿದೆ. "ಬರೆಯೋದು ಬಿಡು ಮಾರಾಯ್ತಿ, ಬೆರಳು ನೋಡ್ಕೊ" ಅಂದರು. ನಿಧಾನದ ಕಾರಣವೂ ಅಲ್ಲೇ ಸಿಕ್ಕಿತು. ಅಡುಗೆ, ಕೊಟ್ಟಿಗೆ, ಮಕ್ಕಳು ಎಲ್ಲ ಮುಗಿಸಿಯೇ ಅವರು ಚಪ್ಪರಕ್ಕೆ ಬರಬೇಕಲ್ವಾ? ಅದು ಎಡಗಡೆಗೆ ಹೋಯಿತು.