ಹಳೆಯ ರೂಪಾಯಿ–ಯೆನ್ ದರ: ಎಲ್ಲಿ ಹುಡುಕಬೇಕು, ಹೇಗೆ ಲೆಕ್ಕ ಹಾಕಬೇಕು

ರೂಪಾಯಿ–ಯೆನ್ ದರ ಹುಡುಕಲು ಕೂತವರು ಮೊದಲು ಎಡವುವುದು ಸೊನ್ನೆಗಳಲ್ಲಿ. ನಮ್ಮಲ್ಲಿ ಯೆನ್ ದರವನ್ನು ‘ನೂರು ಯೆನ್‌ಗೆ ಇಷ್ಟು ರೂಪಾಯಿ’ ಎಂದೇ ಬರೆಯುತ್ತಾರೆ. ರಿಸರ್ವ್ ಬ್ಯಾಂಕಿನ ಪಟ್ಟಿ, ಎಸ್‌ಬಿಐ ಕಾರ್ಡ್ ರೇಟ್ (ಬ್ಯಾಂಕಿನ ಆ ದಿನದ ವಿನಿಮಯ ದರಪಟ್ಟಿ), ಕಸ್ಟಮ್ಸ್ ದರಪಟ್ಟಿ, ಮೂರರಲ್ಲೂ ಹೀಗೇ. ಕರೆನ್ಸಿ ಕನ್ವರ್ಟರ್‌ಗಳು ಸಾಮಾನ್ಯವಾಗಿ ಒಂದು ಯೆನ್ ಲೆಕ್ಕದಲ್ಲಿ ಕೊಡುತ್ತವೆ. ಎರಡೂ ಕಡೆಯ ಅಂಕಿಗಳನ್ನು ಒಂದೇ ಕಾಲಂಗೆ ಅಂಟಿಸಿದರೆ 52ರ ಪಕ್ಕದಲ್ಲಿ 0.52 ಬಂದು ಕೂರುತ್ತದೆ. ಕಾಲಂ ತಲೆಯಲ್ಲಿ ‘ರೂ./100 ಯೆನ್’ ಎಂದು ಬರೆದುಕೊಂಡೇ ಕೆಲಸ ಶುರುಮಾಡಿ.

ಆಮೇಲಿನ ಪ್ರಶ್ನೆ, ದರ ಯಾವುದಕ್ಕೆ ಬೇಕು ಎಂಬುದು. ಒಂದೇ ದಿನಕ್ಕೆ ನಾಲ್ಕು ದರ ಇರಬಹುದು, ನಾಲ್ಕೂ ಸರಿಯೇ.

ಜಪಾನಿನಲ್ಲಿ ಬಂದ ಸಂಬಳವನ್ನು ಆದಾಯ ತೆರಿಗೆಗೆ ರೂಪಾಯಿಯಲ್ಲಿ ತೋರಿಸಲು ಎಸ್‌ಬಿಐನ ಟಿಟಿ ಬೈಯಿಂಗ್ ದರವೇ (ತಂತಿ ವರ್ಗಾವಣೆಯಲ್ಲಿ ಬಂದ ವಿದೇಶಿ ಹಣವನ್ನು ಬ್ಯಾಂಕ್ ಕೊಳ್ಳುವ ದರ) ಬೇಕು. 1962ರ ಆದಾಯ ತೆರಿಗೆ ನಿಯಮಗಳ 115ನೇ ನಿಯಮದಂತೆ ಸಂಬಳ ಸಲ್ಲಬೇಕಾದ ತಿಂಗಳಿನ ಹಿಂದಿನ ತಿಂಗಳ ಕೊನೆಯ ದಿನದ ದರ ಹಿಡಿಯಬೇಕು. ಜೂನ್ ಸಂಬಳಕ್ಕೆ ಮೇ 31ರದ್ದು. ಹಣ ಖಾತೆಗೆ ಬಿದ್ದ ದಿನದ್ದಲ್ಲ. (2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಆನಂತರದ ಆದಾಯಕ್ಕೆ ಹೊಸ ನಿಯಮಗಳನ್ನು ನೋಡಿಕೊಳ್ಳಿ.) ಕಾರ್ಡ್ ರೇಟ್ ದಿನದಿನಕ್ಕೆ ಬದಲಾಗುವ ಹಾಳೆ, ಆದ್ದರಿಂದ ಪ್ರತಿ ತಿಂಗಳ ಕೊನೆಗೆ ಅದರ ಪಿಡಿಎಫ್ ಉಳಿಸಿಟ್ಟುಕೊಳ್ಳುವುದು ಜಾಣತನ. ಆಮದು–ರಫ್ತಿಗೆ ಕಸ್ಟಮ್ಸ್ ಇಲಾಖೆ ಹದಿನೈದು ದಿನಕ್ಕೊಮ್ಮೆ ಪ್ರಕಟಿಸುವ ದರ. ಅದರಲ್ಲಿ ಆಮದಿಗೆ ಒಂದು ಕಾಲಂ, ರಫ್ತಿಗೆ ಇನ್ನೊಂದು. ಲೇಖನಕ್ಕೆ, ಅಧ್ಯಯನಕ್ಕೆ ಆದರೆ ರೆಫರೆನ್ಸ್ ರೇಟ್ (ಮಾರುಕಟ್ಟೆಯ ವಹಿವಾಟಿನಿಂದ ದಿನಕ್ಕೊಮ್ಮೆ ಲೆಕ್ಕ ಹಾಕುವ ಮಾನದಂಡ ದರ) ಸಾಕು. 2018ರ ಜುಲೈ 10ರಿಂದ ಅದನ್ನು ರಿಸರ್ವ್ ಬ್ಯಾಂಕಿನ ಬದಲು ಎಫ್‌ಬಿಐಎಲ್ (ಫೈನಾನ್ಷಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ ಎಂಬ ಸಂಸ್ಥೆ) ಲೆಕ್ಕ ಹಾಕುತ್ತಿದೆ. ಅಲ್ಲಿಂದ ಈಚೆಗೆ ಲೆಕ್ಕದ ವಿಧಾನವೂ ಬೇರೆ, ಉದ್ದದ ಸರಣಿಯಲ್ಲಿ ಅದೊಂದು ಟಿಪ್ಪಣಿ ಇರಲಿ.

ದಶಕಗಳ ದೈನಿಕ ಸರಣಿ ಬೇಕೆಂದರೆ ಡಾಲರ್ ಮೂಲಕ ಹೋಗುವುದೇ ಒಳ್ಳೆಯದು. ಅಮೆರಿಕದ ಫೆಡರಲ್ ರಿಸರ್ವ್‌ನ ಎಚ್.10 ಪಟ್ಟಿಯಲ್ಲಿ ಯೆನ್ 1971ರ ಜನವರಿಯಿಂದ, ರೂಪಾಯಿ 1973ರ ಜನವರಿಯಿಂದ ಸಿಗುತ್ತದೆ. ಎರಡೂ ನ್ಯೂಯಾರ್ಕ್ ಮಧ್ಯಾಹ್ನ ಹನ್ನೆರಡರ ದರ, ಎರಡೂ ಒಂದು ಡಾಲರ್‌ಗೆ. ಎರಡನ್ನೂ ತಾರೀಖಿನ ಮೇಲೆ ಜೋಡಿಸಿ, ರೂಪಾಯಿಯನ್ನು ಯೆನ್‌ನಿಂದ ಭಾಗಿಸಿ ನೂರರಿಂದ ಗುಣಿಸಿ. ಡಾಲರ್‌ಗೆ 83.50 ರೂಪಾಯಿ, 161 ಯೆನ್ ಇದ್ದ ದಿನ ನೂರು ಯೆನ್‌ಗೆ 51.86 ರೂಪಾಯಿ. ರಜಾದಿನಗಳ ಸಾಲಿನಲ್ಲಿ ‘ಎನ್‌ಡಿ’ (ದತ್ತಾಂಶ ಇಲ್ಲ) ಎಂದೋ ಖಾಲಿಯಾಗಿಯೋ ಇರುತ್ತದೆ. ಅದನ್ನು ಸೊನ್ನೆ ಮಾಡಿದರೆ ಸರಾಸರಿ ಹಾಳಾಗುತ್ತದೆ, ಸಾಲನ್ನೇ ಬಿಟ್ಟುಬಿಡಿ. ತಾರೀಖಿನ ಕ್ರಮವನ್ನೂ ನೋಡಿ. 03/04 ಎಂಬುದನ್ನು ಎಕ್ಸೆಲ್ ಮಾರ್ಚ್ 4 ಎಂದು ಓದಿಕೊಂಡರೂ ಯಾವ ಎಚ್ಚರಿಕೆಯೂ ಬರುವುದಿಲ್ಲ.

ಮುಂಬೈ ದರವನ್ನೂ ನ್ಯೂಯಾರ್ಕ್ ದರವನ್ನೂ ಬೆರೆಸಿ ಕ್ರಾಸ್ ರೇಟ್ (ಹೀಗೆ ಡಾಲರ್ ಮೂಲಕ ಸಿಗುವ ರೂಪಾಯಿ–ಯೆನ್ ದರ) ತೆಗೆಯಬೇಡಿ. ನ್ಯೂಯಾರ್ಕಿನ ಮಧ್ಯಾಹ್ನ ಅಂದರೆ ನಮಗೆ ರಾತ್ರಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ. 2022ರ ಅಕ್ಟೋಬರ್ 21, ಶುಕ್ರವಾರ, ಡಾಲರ್ 151.9 ಯೆನ್ ಮುಟ್ಟಿದ ಮೇಲೆ ಜಪಾನ್ ಸರ್ಕಾರ ಮಾರುಕಟ್ಟೆಗೆ ಇಳಿಯಿತು. ಕೆಲವೇ ಗಂಟೆಗಳಲ್ಲಿ ದರ 146ರ ಆಸುಪಾಸಿಗೆ ಕುಸಿಯಿತು. ಮುಂಬೈಯ ಆ ದಿನದ ರೆಫರೆನ್ಸ್ ರೇಟ್ ಅಷ್ಟರಲ್ಲಾಗಲೇ ಹೊರಬಿದ್ದಿತ್ತು. ಇಂಥ ದಿನ ಎರಡು ಮೂಲ ಬೆರೆತರೆ ಬರುವ ಅಂಕಿ ಯಾವ ಮಾರುಕಟ್ಟೆಯಲ್ಲೂ ಇದ್ದದ್ದಲ್ಲ.

1971ಕ್ಕೆ ಹಿಂದಿನದಕ್ಕೆ ದೈನಿಕ ದತ್ತಾಂಶವನ್ನು ಹುಡುಕಿ ಒದ್ದಾಡಬೇಕಿಲ್ಲ. 1949ರಿಂದ ಡಾಲರ್‌ಗೆ 360 ಯೆನ್, ರೂಪಾಯಿ 4.76, ನೂರು ಯೆನ್‌ಗೆ 1.32 ರೂಪಾಯಿ. 1966ರ ಜೂನ್ 6ರ ಅಪಮೌಲ್ಯದ ನಂತರ ಡಾಲರ್ 7.50 ಆಯಿತು, ನೂರು ಯೆನ್ 2.08ಕ್ಕೆ ಏರಿತು. ನಿಗದಿತ ದರದ ಸುತ್ತ ಶೇ. 1ರ ಏರಿಳಿತಕ್ಕೆ ಅವಕಾಶವಿದ್ದ ಕಾಲವದು, ದಶಮಾಂಶದ ನಾಲ್ಕನೇ ಸ್ಥಾನದವರೆಗೆ ಬರೆಯುವುದು ಬರೀ ತೋರಿಕೆ. 1971ರ ಡಿಸೆಂಬರ್ ಒಪ್ಪಂದದಲ್ಲಿ ಡಾಲರ್‌ಗೆ 308 ಯೆನ್ ಎಂದಾಯಿತು, 1973ರ ಫೆಬ್ರವರಿಯಲ್ಲಿ ಯೆನ್ ತೇಲತೊಡಗಿತು, ಅಂದರೆ ಅದರ ದರವನ್ನು ಮಾರುಕಟ್ಟೆಗೇ ಬಿಡಲಾಯಿತು. ರೂಪಾಯಿ ಆಗ ಪೌಂಡ್‌ಗೆ ಕಟ್ಟಿಕೊಂಡಿತ್ತು. 1975ರ ಸೆಪ್ಟೆಂಬರ್‌ವರೆಗಿನ ಅದರ ಏರಿಳಿತಕ್ಕೆ ಕಾರಣವನ್ನು ಲಂಡನ್ನಿನಲ್ಲಿ ಹುಡುಕಬೇಕು.

ಅತಿ ಹೆಚ್ಚು ಗೊಂದಲದ ಅವಧಿ 1992ರ ಮಾರ್ಚ್‌ನಿಂದ 1993ರ ಫೆಬ್ರವರಿ. ಆ ವರ್ಷ ಎರಡು ಅಧಿಕೃತ ದರಗಳಿದ್ದವು: ರಫ್ತುದಾರ ತಂದ ವಿದೇಶಿ ಹಣದಲ್ಲಿ ಶೇ. 40 ಸರ್ಕಾರಿ ದರಕ್ಕೆ, ಶೇ. 60 ಮಾರುಕಟ್ಟೆ ದರಕ್ಕೆ. ಅವನ ಕೈಗೆ ನಿಜಕ್ಕೂ ಸಿಕ್ಕಿದ್ದು 0.4 × ಸರ್ಕಾರಿ + 0.6 × ಮಾರುಕಟ್ಟೆ. ಎರಡು ಮೂಲಗಳು ತಾಳೆಯಾಗದಿದ್ದರೆ ಯಾರು ಯಾವುದನ್ನು ಹಿಡಿದಿದ್ದಾರೆಂದು ಅಡಿಟಿಪ್ಪಣಿಯಲ್ಲಿ ನೋಡಿ.

ಸರಾಸರಿಯಲ್ಲಿ ಇನ್ನೊಂದು ಬಲೆಯಿದೆ. ಒಂದು ದಿನ ನೂರು ಯೆನ್‌ಗೆ 50, ಇನ್ನೊಂದು ದಿನ 60 ರೂಪಾಯಿ ಎಂದುಕೊಳ್ಳಿ. ಸರಾಸರಿ 55. ಅದನ್ನೇ ತಿರುಗಿಸಿ ರೂಪಾಯಿಗೆ ಎಷ್ಟು ಯೆನ್ ಎಂದು ನೋಡಿದರೆ 2 ಮತ್ತು 1.667, ಸರಾಸರಿ 1.833, ಮತ್ತೆ ತಿರುಗಿಸಿದರೆ 54.55. ದಿಕ್ಕು ಒಂದನ್ನೇ ಆರಿಸಿ, ಕೊನೆತನಕ ಅದನ್ನೇ ಹಿಡಿಯಿರಿ. ರಿಸರ್ವ್ ಬ್ಯಾಂಕಿನ ಅಂಕಿಅಂಶ ಕೈಪಿಡಿಯಲ್ಲಿ ಏಪ್ರಿಲ್–ಮಾರ್ಚ್ ಸರಾಸರಿ, ಕ್ಯಾಲೆಂಡರ್ ವರ್ಷದ ಸರಾಸರಿ, ವರ್ಷದ ಕೊನೆಯ ದರ ಬೇರೆಬೇರೆಯಾಗಿವೆ. ಕಣ್ತಪ್ಪುವುದು ಸುಲಭ.

ಶೇಕಡಾವಾರು ಹೇಳುವಾಗಲೂ ಯಾವುದರ ಮೇಲೆ ಎಂದು ಹೇಳಿ. 1966ರಲ್ಲಿ ಡಾಲರ್ ಬೆಲೆ ಏರಿದ್ದು ಶೇ. 57.5, ರೂಪಾಯಿ ಮೌಲ್ಯ ಇಳಿದದ್ದು ಶೇ. 36.5. ಎರಡೂ ಒಂದೇ ಘಟನೆ.

ಕೊನೆಗೆ, ಹಿಂದಿನ ದಿನಕ್ಕಿಂತ ಶೇ. 5ಕ್ಕೂ ಹೆಚ್ಚು ಬದಲಾದ ಸಾಲುಗಳಿಗೆ ಬಣ್ಣ ಹಚ್ಚಿ ಒಂದೊಂದನ್ನೂ ಪರೀಕ್ಷಿಸಿ. ಹೆಚ್ಚಿನವು ಟೈಪಿಂಗ್ ತಪ್ಪು ಅಥವಾ ಜಾರಿದ ಸೊನ್ನೆ. 1991ರ ಜುಲೈ ಮೊದಲ ವಾರದಲ್ಲಿ ಸಿಗುವವನ್ನು ಮಾತ್ರ ಅಳಿಸಬೇಡಿ: ಒಂದನೇ ತಾರೀಖು ಮತ್ತು ಮೂರನೇ ತಾರೀಖು ರೂಪಾಯಿ ಎರಡು ಕಂತಿನಲ್ಲಿ ಅಪಮೌಲ್ಯಗೊಂಡಿತ್ತು.