ಸ್ಪ್ರೇ ಗನ್ ಕೊಳ್ಳುವ ಮೊದಲು ಬಣ್ಣದ ಡಬ್ಬಿ ನೋಡಿ

ಹೋದ ವರ್ಷ ಆಷಾಢದಲ್ಲಿ ಚಿತ್ರದುರ್ಗದ ನಮ್ಮ ಮನೆ ಗೇಟಿಗೆ ಹೊಸ ಸ್ಪ್ರೇ ಗನ್ನಿನಿಂದ ನೀಲಿ ಎನಾಮೆಲ್ ಹೊಡೆದೆ. ಅರ್ಧ ಗೇಟಿಗೆ ಬಿತ್ತು. ಇನ್ನರ್ಧ ಪಕ್ಕದ ಮನೆಯವರ ಬಿಳಿ ಸ್ಕೂಟರ್ ಮೇಲೆ ಸಾಸಿವೆ ಉದುರಿಸಿದ ಹಾಗೆ ಕೂತಿತ್ತು. "ಏನಪ್ಪಾ, ನನ್ ಗಾಡಿಗೂ ಹೊಡ್ದಿದೀಯಾ? ಕೂಲಿ ಎಷ್ಟಾಯ್ತು?" ಅಂದರು ಅಂಕಲ್. ಬಣ್ಣ ಇನ್ನೂ ಹಸಿ ಇತ್ತು, ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ ಬಚಾವಾದೆ.

ತಪ್ಪು ಗನ್ನಿನದಲ್ಲ. ಸರಳಿನ ಗೇಟಲ್ಲಿ ಕಬ್ಬಿಣಕ್ಕಿಂತ ಸಂದೇ ಜಾಸ್ತಿ. ಸಂದಿಗೆ ಹೊಡೆದ ಬಣ್ಣ ಗಾಳಿಗೇ ಹೋಗುತ್ತದೆ. ಗೇಟು, ಕಿಟಕಿ ಗ್ರಿಲ್ ಅಷ್ಟೇ ಇದ್ದರೆ ಎರಡು ಬ್ರಶ್ ತನ್ನಿ, ಸಾಕು. ಬೆತ್ತದ ಕುರ್ಚಿ, ಪಟ್ಟಿ ಪಟ್ಟಿ ಬಾಗಿಲು, ಬೀರು, ಹಳೇ ಮಂಚ ಇದ್ದರೆ ಮಾತ್ರ ಗನ್ ವಿಚಾರ ಮಾಡಿ.

ಅಂಗಡಿಯಲ್ಲಿ ಮೊದಲು ಹೇಳುವುದು ವ್ಯಾಟ್. 500 ಆದರೇನು, 650 ಆದರೇನು, ನೀವು ಮೂತಿಯ ತೂತು ನೋಡಿ. ವಾರ್ನಿಷ್, ಎನಾಮೆಲ್‌ಗೆ 1.5ರಿಂದ 2 ಮಿ.ಮೀ. ನಾಝಲ್ ಬೇಕು. ದಪ್ಪ ಪ್ರೈಮರ್‌ಗೆ 2.5 ಅಥವಾ 3. ಎರಡು ಮೂರು ನಾಝಲ್ ಜೊತೆಗೇ ಕೊಡುವ ಗನ್ ಒಳ್ಳೆಯದು. ಕೈಯಲ್ಲೇ ಮೋಟರ್ ಇರುವ ಗನ್ನಿಗೆ 800 ಮಿ.ಲೀ. ಬಣ್ಣ ತುಂಬಿ ಒಮ್ಮೆ ಎತ್ತಿ ನೋಡಿ. ಹತ್ತು ನಿಮಿಷಕ್ಕೇ ಮಣಿಕಟ್ಟು ಸೋಲುತ್ತದೆ. ಮೋಟರ್ ನೆಲದ ಮೇಲಿದ್ದು ಪೈಪಿನಲ್ಲಿ ಗಾಳಿ ಬರುವಂಥದ್ದು ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಮನೆಯಲ್ಲಿ ಕಂಪ್ರೆಸರ್ ಇದೆಯಾ? ಅದಕ್ಕೆ ಜೋಡಿಸುವ ಗನ್ನಿಗೆ ಬೇಕಾದ ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ, ಅದು ಕೊಡುತ್ತಾ ನೋಡಿಕೊಳ್ಳಿ. ಸಣ್ಣ ಟ್ಯಾಂಕಿನದಾದರೆ ಅರ್ಧ ಬಾಗಿಲಿಗೇ ಉಸಿರು ಕಟ್ಟಿ ನಿಲ್ಲುತ್ತದೆ. ಗಾಳಿಯಿಲ್ಲದೆ ಬಣ್ಣವನ್ನೇ ಒತ್ತಿ ಚಿಮ್ಮಿಸುವ ಏರ್‌ಲೆಸ್ ಮೆಷಿನ್ ನಮ್ಮಂಥವರಿಗೆ ಬೇಡವೇ ಬೇಡ. ಅದರ ಒತ್ತಡ 2000 ಪಿಎಸ್‌ಐ ದಾಟುತ್ತದೆ, ಬೆರಳು ಅಡ್ಡ ಬಂದರೆ ಬಣ್ಣ ಚರ್ಮದೊಳಗೇ ನುಗ್ಗುತ್ತದೆ. ಇನ್ನು ಗೋಡೆಯ ಎಮಲ್ಷನ್‌ಗೆ ರೋಲರೇ ವಾಸಿ. ಸಣ್ಣ ಗನ್ನಿಗೆ ಒಗ್ಗುವಷ್ಟು ನೀರು ಬೆರೆಸಿದರೆ ಬಣ್ಣ ಗೋಡೆ ಮುಚ್ಚುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ಬಣ್ಣದ ಹದ. ಡಬ್ಬಿಯಲ್ಲಿದ್ದ ಹಾಗೇ ಸುರಿದರೆ ಗನ್ ಉಗುಳುತ್ತದೆ, ಹೊಡೆಯುವುದಿಲ್ಲ. ಗನ್ ಜೊತೆ ತಳದಲ್ಲಿ ತೂತಿರುವ ಒಂದು ಪುಟ್ಟ ಕಪ್ ಬರುತ್ತದೆ, ನಾನು ಮೊದಲು ಅದನ್ನು ಆಟದ ಸಾಮಾನು ಅಂತ ಬದಿಗಿಟ್ಟಿದ್ದೆ. ಅದನ್ನು ಬಣ್ಣದಲ್ಲಿ ಮುಳುಗಿಸಿ ಎತ್ತಿ, ಧಾರೆ ತುಂಡಾಗುವವರೆಗೆ ಸೆಕೆಂಡ್ ಎಣಿಸಿ. ಯಾವ ಬಣ್ಣಕ್ಕೆ ಎಷ್ಟು ಸೆಕೆಂಡ್ ಅಂತ ಗನ್ನಿನ ಪುಸ್ತಕದಲ್ಲೇ ಇರುತ್ತದೆ. ಜಾಸ್ತಿ ಬಂದರೆ ಒಂದೊಂದೇ ಚಮಚ ಥಿನ್ನರ್ ಹಾಕಿ ಮತ್ತೆ ಎಣಿಸಿ. ಆಮೇಲೆ ಹಳೇ ಪಂಚೆಯಲ್ಲಿ ಸೋಸಿ. ನಮ್ಮ ತಾಯಿ ಹುಣಸೆ ರಸ ಸೋಸುವ ಹಾಗೆ, ಹಿಂಡದೆ.

ಮೊದಲು ರಟ್ಟಿನ ಮೇಲೆ ಹೊಡೆದು ನೋಡಿ. ಎಂಟು ಹತ್ತು ಇಂಚು ದೂರದಿಂದ, ಕೈ ನಿಲ್ಲಿಸದೆ, ಹಿಂದಿನ ಪಟ್ಟಿಯ ಅರ್ಧದ ಮೇಲೆ ಮುಂದಿನದು ಬರಲಿ. ಥಿನ್ನರ್ ಹಬೆಗೆ ಬೆಂಕಿ ತಗುಲಬಹುದು, ಹತ್ತಿರ ಒಲೆ ಇರಬಾರದು, ದೇವರ ದೀಪವನ್ನೂ ಶಾಂತ ಮಾಡಿ. ಕರವಸ್ತ್ರ ಕಟ್ಟಿಕೊಂಡರೆ ಸಾಲದು, ಕಾರ್ಬನ್ ಫಿಲ್ಟರಿನ ಮಾಸ್ಕ್ ಬೇಕು. ಹೊರಗೆ ಹೊಡೆಯುವುದಾದರೆ ನಾನೀಗ ಬೆಳಗ್ಗೆ ಮಾಳಿಗೆ ಹತ್ತಿ ಗುಡ್ಡದ ಗಾಳಿಯಂತ್ರ ನೋಡುತ್ತೇನೆ. ರೆಕ್ಕೆ ಜೋರಾಗಿ ತಿರುಗುತ್ತಿದ್ದರೆ ಆವತ್ತು ಕೆಲಸ ಬಂದ್.

ಮುಗಿದ ತಕ್ಷಣ ಥಿನ್ನರ್ ತುಂಬಿ ಗನ್ ಓಡಿಸಿ ತೊಳೆಯಿರಿ. "ಊಟ ಮಾಡಿ ತೊಳೆದರಾಯ್ತು" ಅಂತ ಹೋಗಿ ಒಂದು ನಾಝಲ್ ಕಳೆದುಕೊಂಡೆ. ಕಟ್ಟಿದ ತೂತಿಗೆ ಪಿನ್ನು ಚುಚ್ಚಿ ಅದರ ಬಾಯಿ ಅಗಲವಾಯಿತು, ಬಣ್ಣ ಒಂದೇ ಕಡೆ ಸುರಿಯತೊಡಗಿತು. ಈಗ ಗನ್ ಡಬ್ಬಿಯಲ್ಲಿ ಯಾವಾಗಲೂ ನಾಲ್ಕು ಪೊರಕೆ ಕಡ್ಡಿ ಇರುತ್ತವೆ.